ಅಂಕಿ ಮೊದಲು, ಕ್ಲೂ ಆಮೇಲೆ

ಇಂಗ್ಲಿಷ್ ಪದಬಂಧದಲ್ಲಿ ಗೊತ್ತಿಲ್ಲದ ಪದಕ್ಕಿಂತ ಗೊತ್ತಿರುವ ಮಾತೇ ಹೆಚ್ಚು ಸತಾಯಿಸುತ್ತದೆ. ದಿನಾ ಆಡುವ ನುಡಿಗಟ್ಟು ಚೌಕದ ಮುಂದೆ ಕೂತಾಗ ಮಾತ್ರ ನಾಲಿಗೆ ತುದಿಯಲ್ಲೇ ನಿಂತುಬಿಡುತ್ತದೆ. ಅದನ್ನು ಇಳಿಸಲು ನಾನು ಮಾಡುವುದಿಷ್ಟು:

1. ಆವರಣದ ಅಂಕಿಯನ್ನು ಮೊದಲು ಓದಿ. ಕ್ಲೂ 'ರೇರ್‌ಲಿ', ಪಕ್ಕದಲ್ಲಿ (4,2,1,4,4) ಅಂದುಕೊಳ್ಳಿ. ಐದು ಪದ, ನಡುವೆ ಒಂದೇ ಅಕ್ಷರದ್ದೊಂದು. ಅದು 'ಎ' ಅಲ್ಲದೆ ಇನ್ನೇನು? ಅದರ ಹಿಂದಿನ ಎರಡಕ್ಷರ ಇನ್, ಆನ್, ಟು, ಅಟ್‌ಗಳಲ್ಲಿ ಯಾವುದೋ ಒಂದು. 'ಇನ್ ಎ' ಎಂದು ಗೊಣಗಿಕೊಂಡು ನೋಡಿ, 'ವನ್ಸ್ ಇನ್ ಎ ಬ್ಲೂ ಮೂನ್' ತಾನೇ ಎದ್ದು ಬರುತ್ತದೆ. ಮೂರಕ್ಷರದ ಪದ ನಡುವೆ ಸಿಕ್ಕರೆ 'ದ' ಅಥವಾ 'ಆ್ಯಂಡ್' ಇರಬಹುದೆಂದು ಪೆನ್ಸಿಲ್‌ನಲ್ಲಿ ಬರೆದಿಡಿ. ನುಡಿಗಟ್ಟು ಸಿಗುವುದು ಇಂಥ ಪುಡಿ ಪದಗಳಿಂದಲೇ.

2. ಕನ್ನಡದ ಲೆಕ್ಕ ಬಿಡಿ. ನಮ್ಮ ಪದಬಂಧದಲ್ಲಿ 'ರಾಷ್ಟ್ರ'ಕ್ಕೆ ಎರಡೇ ಮನೆ, ಒತ್ತೆಲ್ಲ ಒಂದರೊಳಗೇ. ಇಂಗ್ಲಿಷ್‌ನಲ್ಲಿ ಉಚ್ಚರಿಸದ ಅಕ್ಷರಕ್ಕೂ ಒಂದು ಮನೆ ಕೊಡಬೇಕು.

3. ಕ್ಲೂವಿನ ಕಾಲವೇ ಉತ್ತರದ ಕಾಲ. 'ಡೈ' ಎಂದಿದ್ದರೆ 'ಕಿಕ್ ದ ಬಕೆಟ್' (4,3,6). 'ಡೈಡ್' ಎಂದಿದ್ದರೆ 'ಕಿಕ್ಡ್', ಆಗ (6,3,6).

4. ಅರ್ಥವನ್ನು ಕನ್ನಡದಲ್ಲಿ ಹಿಡಿಯಿರಿ, ಪದಗಳನ್ನಲ್ಲ. 'ತುಂಬ ಸುಲಭದ ಕೆಲಸ' ಎಂಬ ಕ್ಲೂಗೆ ನಮಗೆ ಹೊಳೆಯುವುದು ನೀರು ಕುಡಿದಷ್ಟು ಸುಲಭ. ನಾವು ನೀರು ಕುಡಿದರೆ ಅವರು ಕೇಕ್ ತಿನ್ನುತ್ತಾರೆ: 'ಪೀಸ್ ಆಫ್ ಕೇಕ್' (5,2,4). ತಿಂಡಿ, ಪ್ರಾಣಿ, ಮಳೆ, ಮೈಯ ಅಂಗಾಂಗ ಎಂದು ಇಂಥವನ್ನು ಒಂದು ನೋಟ್‌ಬುಕ್ಕಿನಲ್ಲಿ ಗುಂಪು ಮಾಡಿ ಬರೆದಿಡಿ.

5. ಅಮೆರಿಕದ ಪದಬಂಧವಾದರೆ ಹುಷಾರು. 1913ರಲ್ಲಿ ಪದಬಂಧ ಹುಟ್ಟಿದ್ದು ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲೇ. ಆದರೂ ಅಲ್ಲಿನವರು ಅಂಕಿ ಕೊಡುವುದಿಲ್ಲ, ಪದಗಳ ನಡುವೆ ಗೆರೆಯನ್ನೂ ಎಳೆಯುವುದಿಲ್ಲ. 'ಇನ್ ಎ ರೋ' ಆರು ಮನೆಯಲ್ಲಿ ಅಂಟಿಕೊಂಡು ಕೂತಿದ್ದಾಗ, ಅದು 'ಇನಾರೋ' ಎಂಬ ಊರಿರಬೇಕೆಂದು ನಾನು ಅಟ್ಲಾಸ್ ತಿರುವಿದ್ದುಂಟು! ಸಮಾಧಾನವೆಂದರೆ ಅಲ್ಲಿ ಪ್ರತಿ ಅಕ್ಷರವನ್ನೂ ಇನ್ನೊಂದು ಪದ ದಾಟಿ ಹೋಗುತ್ತದೆ. ನುಡಿಗಟ್ಟನ್ನೇ ದಿಟ್ಟಿಸುತ್ತ ಕೂರದೆ ಅಡ್ಡ ಬರುವ ಚಿಕ್ಕ ಪದಗಳನ್ನು ತುಂಬುತ್ತ ಹೋಗಿ. ಕ್ಲೂ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಅದು ಶ್ಲೇಷೆ. ನೇರ ಅರ್ಥ ಹುಡುಕಬೇಡಿ.

6. ಆನ್‌ಲೈನ್ ಸಹಾಯ ತಪ್ಪಲ್ಲ, ಆದರೆ ಕೊನೆಗೆ. 'ಒನ್‌ಲುಕ್'ನಲ್ಲಿ ಗೊತ್ತಿರುವ ಅಕ್ಷರ ಹಾಕಿ, ಉಳಿದ ಕಡೆ ಪ್ರಶ್ನೆ ಚಿಹ್ನೆ ಕೊಟ್ಟರೆ ಪಟ್ಟಿ ಬರುತ್ತದೆ. ಸಿಕ್ಕ ನುಡಿಗಟ್ಟಿನ ಹುಟ್ಟು ತಿಳಿಯಬೇಕೆಂದರೆ 1870ರ ಬ್ರೂವರ್ ನಿಘಂಟು ಇದೆ. ಅದನ್ನು ತೆರೆದರೆ ಮಾತ್ರ ಪದಬಂಧ ಅಲ್ಲೇ ಉಳಿಯುತ್ತದೆ.

7. 'ದಿ ಹಿಂದೂ'ವಿನಲ್ಲಿ ಬರುವಂಥ ಗೂಢ ಕ್ಲೂಗಳಲ್ಲಿ ಅರ್ಥವನ್ನು ಬದಿಗಿಟ್ಟು ಅಕ್ಷರಗಳನ್ನು ನೋಡಿ. ಈ ಆಟದವರಿಗೆಲ್ಲ ಗೊತ್ತಿರುವ ಹಳೆಯ ಕ್ಲೂ ಒಂದಿದೆ: ಜಿ-ಇ-ಜಿ-ಎಸ್ (9,4). ಅಷ್ಟೇ, ಬೇರೇನಿಲ್ಲ. ಆ ನಾಲ್ಕು ಅಕ್ಷರ ಸರಿಪಡಿಸಿದರೆ 'ಎಗ್ಸ್'. ಅವು ಕದಡಿಹೋಗಿವೆ, ಆದ್ದರಿಂದ 'ಸ್ಕ್ರ್ಯಾಂಬಲ್ಡ್ ಎಗ್ಸ್'. ನಮ್ಮ ಎಗ್ ಬುರ್ಜಿ ಇಲ್ಲಿ ಕೂರದು; ಮೊದಲ ಪದದಲ್ಲೇ ಆರು ಮನೆ ಖಾಲಿ ಉಳಿಯುತ್ತವೆ.