ಗಾಡಿಗೆ ಜಿಪಿಎಸ್: ಮಾಲೀಕರ ಆತಂಕ, ಚಾಲಕರ ಅಳುಕು

ಪ್ರಶ್ನೆ: ನನ್ನ ಲಾರಿಗಳು ಬೆಂಗಳೂರಿನಿಂದ ಮಂಗಳೂರಿಗೆ ಲೋಡು ಒಯ್ಯುತ್ತವೆ. ಶಿರಾಡಿ ಘಾಟಿ ಇಳಿಯುವಾಗ ನಕ್ಷೆಯಲ್ಲಿ ಗಾಡಿ ನಿಂತಲ್ಲೇ ನಿಂತಂತೆ ಕಾಣುತ್ತದೆ, ಡ್ರೈವರ್ ಫೋನೂ ಸಿಗುವುದಿಲ್ಲ. ಅಪಘಾತವಾಯಿತೋ, ಯಾರಾದರೂ ವೈರ್ ಕಿತ್ತರೋ ಎಂದು ನಿದ್ದೆಯೇ ಬರುವುದಿಲ್ಲ.
– ಲಾರಿ ಮಾಲೀಕರು, ಹಾಸನ

ಉತ್ತರ: ರಾತ್ರಿ ಹೊತ್ತು ಘಾಟಿಯಲ್ಲಿ ಗಾಡಿಯ ಸುಳಿವು ಸಿಗದಿದ್ದರೆ ಯಾರಿಗಾದರೂ ಗಾಬರಿಯಾಗುತ್ತದೆ. ಆದರೆ ಹೆಚ್ಚಿನ ಸಲ ಅಲ್ಲಿ ಕೈಕೊಡುವುದು ಮೊಬೈಲ್ ಸಿಗ್ನಲ್, ಗಾಡಿಯಲ್ಲ.

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಹಿಡಿದು ಸಾಧನವು ತಾನಿರುವ ಜಾಗವನ್ನು ಲೆಕ್ಕ ಹಾಕುತ್ತದೆ. ಅದನ್ನು ಒಳಗಿನ ಸಿಮ್ ಮೂಲಕ ನಿಮಗೆ ಕಳಿಸುತ್ತದೆ. ಟವರ್ ಇಲ್ಲದ ಕಡೆ ಕಳಿಸುವುದು ಮಾತ್ರ ನಿಲ್ಲುತ್ತದೆ. ಎಐಎಸ್-140 (ಟ್ರ್ಯಾಕಿಂಗ್ ಸಾಧನಗಳಿಗೆ ನಮ್ಮ ದೇಶದಲ್ಲಿ ಗೊತ್ತುಪಡಿಸಿದ ಗುಣಮಟ್ಟ) ಪ್ರಕಾರ ಸಾಧನದಲ್ಲಿ ಕನಿಷ್ಠ 40,000 ದಾಖಲೆಗಳಿಗೆ ಜಾಗವಿರಬೇಕು. ಸಿಗ್ನಲ್ ಬಂದೊಡನೆ ಬಿಟ್ಟುಹೋದ ದಾರಿಯೆಲ್ಲ ನಕ್ಷೆಯಲ್ಲಿ ಮೂಡುತ್ತದೆ.

ವೈರ್ ಕಿತ್ತರೂ ಒಳಗಿನ ಸಣ್ಣ ಬ್ಯಾಟರಿ ಕೆಲ ಗಂಟೆ ದುಡಿಯುತ್ತದೆ, ಗಾಡಿಯ ಬ್ಯಾಟರಿ ಸಂಪರ್ಕ ತಪ್ಪಿದ ಎಚ್ಚರಿಕೆಯೂ ಬರುತ್ತದೆ. ಮೊದಲು ಆ ಎಚ್ಚರಿಕೆ ಬಂದಿದೆಯೇ ನೋಡಿ. ಬಂದಿಲ್ಲವಾದರೆ ಘಾಟಿ ಇಳಿಯಲು ಮಾಮೂಲಿಯಾಗಿ ಹಿಡಿಯುವಷ್ಟು ಹೊತ್ತು ಕಾಯಿರಿ. ಅದೂ ಮೀರಿದರೆ ಆ ದಾರಿಯಲ್ಲಿರುವ ನಿಮ್ಮ ಇನ್ನೊಬ್ಬ ಡ್ರೈವರ್‌ಗೆ ಹೇಳಿ, 112ಕ್ಕೂ ಕರೆ ಮಾಡಿ.

ಪ್ರಶ್ನೆ: ಜಿಪಿಎಸ್ ಹಾಕಿಸಿದರೂ ಡೀಸೆಲ್ ಖರ್ಚು ಇಳಿದಿಲ್ಲ. ಹಳೇ ಡ್ರೈವರ್ ಮೇಲೆ ಅನುಮಾನ ಪಡಲು ಮನಸ್ಸು ಒಪ್ಪುತ್ತಿಲ್ಲ. ಏನು ಮಾಡಲಿ?
– ಟೆಂಪೊ ಮಾಲೀಕರು, ದಾವಣಗೆರೆ

ಉತ್ತರ: ನಿಮ್ಮ ಮನಸ್ಸು ಹೇಳುವುದನ್ನೇ ಕೇಳಿ, ಅವಸರ ಬೇಡ. ಬರೀ ಜಿಪಿಎಸ್‌ಗೆ ಟ್ಯಾಂಕಿನೊಳಗೆ ಏನಿದೆಯೆಂದು ಗೊತ್ತಾಗುವುದಿಲ್ಲ.

ಮೊದಲು ಐಡ್ಲಿಂಗ್ (ಗಾಡಿ ನಿಂತಿದ್ದರೂ ಎಂಜಿನ್ ಓಡುತ್ತಿರುವುದು) ವರದಿ ತೆಗೆಯಿರಿ. ಮಂಡಿಯಲ್ಲಿ ಸರದಿ ಕಾಯುವಾಗ ಎಂಜಿನ್ ಆರಿಸದಿದ್ದರೆ ಡೀಸೆಲ್ ಅಲ್ಲೇ ಸುಡುತ್ತದೆ. ಟೈರಿನ ಗಾಳಿ, ಏರ್ ಫಿಲ್ಟರ್ ಕೂಡ ನೋಡಿಸಿ.

ಆಮೇಲೂ ಲೆಕ್ಕ ಹೊಂದದಿದ್ದರೆ ಟ್ಯಾಂಕಿಗೆ ಫ್ಯೂಯಲ್ ಸೆನ್ಸರ್ (ಡೀಸೆಲ್ ಮಟ್ಟ ಅಳೆಯುವ ಕಡ್ಡಿ) ಹಾಕಿಸಿ. ಟ್ಯಾಂಕ್ ಬರಿದು ಮಾಡಿ, ಅಳತೆಯ ಡೀಸೆಲ್ ಸ್ವಲ್ಪ ಸ್ವಲ್ಪವೇ ಸುರಿಯುತ್ತಾ ಅಳವಡಿಸಿದರೆ ಮಾತ್ರ ಅದು ಸರಿಯಾಗಿ ತೋರಿಸುತ್ತದೆ. ಇಳಿಜಾರಿನಲ್ಲಿ ಡೀಸೆಲ್ ಒಂದೇ ಕಡೆ ವಾಲಿದಾಗ ವರದಿಯಲ್ಲಿ ಡೀಸೆಲ್ ಮಟ್ಟದ ಗೆರೆ ಕೆಳಗಿಳಿದು, ಸಮತಟ್ಟಿಗೆ ಬಂದ ಮೇಲೆ ಮತ್ತೆ ಏರುತ್ತದೆ. ಅದು ಕಳ್ಳತನವಲ್ಲ. ಎಂಜಿನ್ ಆರಿಸಿ ನಿಂತಾಗ ಗೆರೆ ಕುಸಿದು, ಮೇಲೇರದೇ ಉಳಿದರೆ ಆಗ ವಿಚಾರಿಸಿ. ಅದೂ ಒಬ್ಬರನ್ನೇ ಕೂರಿಸಿಕೊಂಡು, ನಾಲ್ಕು ಜನರೆದುರಿಗಲ್ಲ.

ಪ್ರಶ್ನೆ: ನಾನು ಹದಿನೈದು ವರ್ಷದಿಂದ ಡ್ರೈವರ್. ಈಗ ಜಿಪಿಎಸ್ ಹಾಕಿದ್ದಾರೆ. ಟೀ ಕುಡಿಯಲು ನಿಂತರೂ ಫೋನ್ ಬರುತ್ತದೆ. ನಮ್ಮ ಮಾತನ್ನೂ ಕೇಳಿಸಿಕೊಳ್ಳುತ್ತಾರೆಯೇ?
– ಲಾರಿ ಚಾಲಕರು, ಹುಬ್ಬಳ್ಳಿ

ಉತ್ತರ: ಇಷ್ಟು ವರ್ಷ ನಂಬಿಕೆಯಿಂದ ದುಡಿದವರಿಗೆ ಇದು ನೋವು ತರುವ ವಿಷಯವೇ. ಸಮಾಧಾನ ಮಾಡಿಕೊಳ್ಳಿ: ಜಾಗ ತಿಳಿಸುವ ಸಾಮಾನ್ಯ ಸಾಧನ ಮಾತು ಕೇಳಿಸಿಕೊಳ್ಳುವುದಿಲ್ಲ. ಅದಕ್ಕೆ ಮೈಕ್ ಅಥವಾ ಕ್ಯಾಮೆರಾ ಬೇರೆ ಇರಬೇಕು. ಹಾಕಿದ್ದಾರೆಯೇ ಎಂದು ಮಾಲೀಕರನ್ನು ನೇರವಾಗಿ ಕೇಳಿ. ಅದು ತಿಳಿಯುವ ಹಕ್ಕು ನಿಮಗಿದೆ.

ಸಾಧನದ ದಾಖಲೆ ನಿಮ್ಮ ಪರವಾಗಿಯೂ ಸಾಕ್ಷಿ ಹೇಳುತ್ತದೆ. ಗೋದಾಮಿನ ಮುಂದೆ ದಿನವಿಡೀ ಕಾಯಿಸಿದರೆ ಹಾಲ್ಟಿಂಗ್ ಹಣ (ಕಾಯಿಸಿದ್ದಕ್ಕೆ ಕೊಡುವ ಹಣ) ಕೇಳಲು ಗಂಟೆ, ನಿಮಿಷದ ಲೆಕ್ಕ ಸಿಗುತ್ತದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯ ಕಾಲದಿಂದಲೂ ದುಡಿಮೆಗೆ ದಿನಕ್ಕೆ 8 ಗಂಟೆಯ ಮಿತಿಯಿದೆ. ಅದನ್ನು ಮೀರಿ ಓಡಿಸಿದ್ದೂ ಸಾಧನದಲ್ಲಿ ದಾಖಲಾಗುತ್ತದೆ. ತಿಂಗಳಿಗೊಮ್ಮೆ ನಿಮ್ಮ ಟ್ರಿಪ್ಪುಗಳ ವರದಿ ಕೇಳಿ ಪಡೆಯಿರಿ.

ಮಾಲೀಕರಲ್ಲೂ ಒಂದು ಮನವಿ. ಸಾಧನ ಹಾಕಿಸುವ ಮುನ್ನ ಡ್ರೈವರ್‌ಗಳನ್ನು ಕರೆದು, ಏನು ನೋಡುತ್ತೀರಿ, ಏಕೆ ನೋಡುತ್ತೀರಿ ಎಂದು ಹೇಳಿ. ಊಟ, ನಿದ್ದೆಗೆ ನಿಂತ ಗಾಡಿಗೆ ದಯವಿಟ್ಟು ಫೋನ್ ಮಾಡಬೇಡಿ.