ಇಂದಿನ ಧಮ್ಮ ಚಿಂತನೆ: ನಮ್ಮವರು ಗೆದ್ದಾಗ





ಇಂದಿನ ವಿಷಯ *ಮುದಿತಾ*. ಮೈತ್ರಿ, ಕರುಣೆ, ಮುದಿತಾ, ಉಪೇಕ್ಷೆ ಎಂಬ ನಾಲ್ಕು ಬ್ರಹ್ಮವಿಹಾರಗಳಲ್ಲಿ ಇದು ಮೂರನೆಯದು. ಇನ್ನೊಬ್ಬರ ಏಳಿಗೆ ಕಂಡು ಹೊಟ್ಟೆಕಿಚ್ಚಿಲ್ಲದೆ ಸಂತೋಷಪಡುವುದೇ ಮುದಿತಾ. ಮೈತ್ರಿ, ಕರುಣೆಗಳ ಬಗ್ಗೆ ನಾವು ಬಹಳ ಸಲ ಓದಿದ್ದೇವೆ, ಮುದಿತಾ ಬಗ್ಗೆ ಓದುವುದು ಕಡಿಮೆ. ಇಂದು ಅದನ್ನು ನಮಗೆಲ್ಲ ನೆನಪಿರುವ ಒಂದು ಆಟದ ಮೂಲಕ ನೋಡೋಣ.

*1. ಅಹಮದಾಬಾದಿನ ಆ ರಾತ್ರಿ*

2025ರ ಜೂನ್ 3. ಅಹಮದಾಬಾದಿನಲ್ಲಿ ಐಪಿಎಲ್ ಫೈನಲ್. ಮೊದಲು ಬ್ಯಾಟ್ ಮಾಡಿದ ರಾಯಲ್ ಚಾಲೆಂಜರ್ಸ್ ಬೆಂಗಳೂರು 9 ವಿಕೆಟಿಗೆ 190 ರನ್ ಗಳಿಸಿತು. ಈ ಕಾಲದ ಆಟಕ್ಕೆ ಅದು ದೊಡ್ಡ ಮೊತ್ತವಲ್ಲ. ಕೃಣಾಲ್ ಪಾಂಡ್ಯ 4 ಓವರಿನಲ್ಲಿ ಬರೀ 17 ರನ್ ಕೊಟ್ಟು 2 ವಿಕೆಟ್ ತೆಗೆದು ಆಟ ಹಿಡಿದರು. ಆದರೂ ಕೊನೆಯ ಓವರಿನವರೆಗೆ ಪಂಜಾಬಿನ ಶಶಾಂಕ್ ಸಿಂಗ್ ಸಿಕ್ಸರ್ ಹೊಡೆಯುತ್ತಲೇ ಇದ್ದರು. ಪಂಜಾಬ್ ಕಿಂಗ್ಸ್ 184ಕ್ಕೆ ನಿಂತಿತು. ಗೆಲುವಿನ ಅಂತರ ಆರೇ ರನ್.

2008ರಿಂದ ಆಡುತ್ತಿರುವ ತಂಡ ಇದು. 2009, 2011, 2016ರಲ್ಲಿ ಫೈನಲ್ ತನಕ ಹೋಗಿ ಸೋತಿತ್ತು. 'ಈ ಸಲ ಕಪ್ ನಮ್ದೇ' ಎಂಬ ಮಾತು ವರ್ಷಗಟ್ಟಲೆ ನಗೆಪಾಟಲಿನ ಮಾತಾಗಿತ್ತು. ಹದಿನೆಂಟನೆಯ ಸಲಕ್ಕೆ, ತವರಿನಿಂದ ದೂರದ ಮೈದಾನದಲ್ಲಿ ಅದು ನಿಜವಾಯಿತು. ವಿರಾಟ್ ಕೊಹ್ಲಿ ಮೈದಾನದಲ್ಲೇ ಅತ್ತರು. ಬೆಂಗಳೂರಿನಿಂದ ಹಿಡಿದು ಗಡಿನಾಡಿನ ನಮ್ಮ ಹಳ್ಳಿಗಳವರೆಗೆ ಪಟಾಕಿ ಹಾರಿದವು.

ಒಂದು ವಿಚಾರ ಗಮನಿಸಿ. ಆ ರಾತ್ರಿ ಕುಣಿದವರ ಕೈಗೆ ಆ ಗೆಲುವಿನಿಂದ ಒಂದು ರೂಪಾಯಿಯೂ ಬರುವಂತಿರಲಿಲ್ಲ. ಬೆಳಗಾದರೆ ಮತ್ತೆ ಅದೇ ಹೊಲ, ಅದೇ ಕೂಲಿ, ಅದೇ ಕಾಲೇಜು. ಆದರೂ ಯಾರೋ ಗೆದ್ದರೆ ಇವರಿಗೆ ಸಂತೋಷ! ತನಗೆ ಲಾಭವಿಲ್ಲದಿದ್ದರೂ ಇನ್ನೊಬ್ಬರ ಗೆಲುವಿಗೆ ಹಿಗ್ಗುವ ಈ ಗುಣ ಮನುಷ್ಯನಲ್ಲಿ ಹುಟ್ಟಿನಿಂದಲೇ ಇದೆ. ಇದನ್ನು ಕೀಳಾಗಿ ಕಾಣಬೇಕಿಲ್ಲ. ಮುದಿತೆಯ ಬೀಜ ಇದೇ.

ಬೀಜ ಇದ್ದರೆ ಸಾಲದು, ಬೆಳೆ ಕೆಡದಂತೆ ನೋಡಿಕೊಳ್ಳಬೇಕು. ಐದನೆಯ ಶತಮಾನದ ಆಚಾರ್ಯ ಬುದ್ಧಘೋಷರು 'ವಿಸುದ್ಧಿಮಗ್ಗ'ದಲ್ಲಿ ಮುದಿತಾ ಯಾವಾಗ ಕೆಡುತ್ತದೆ ಎಂಬುದನ್ನೂ ಹೇಳಿದ್ದಾರೆ. ಮುದಿತಾ ಕೆಟ್ಟರೆ 'ಪಹಾಸ' ಆಗುತ್ತದೆ. ಪಹಾಸ ಎಂದರೆ ಉನ್ಮಾದದ ನಗೆ, ಮೈಮರೆತ ಗದ್ದಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಇಷ್ಟೇ: *ಮುದಿತಾ ಮನುಷ್ಯನನ್ನು ನೋಡುತ್ತದೆ, ಪಹಾಸ ಬರೀ ಗೆಲುವನ್ನು ನೋಡುತ್ತದೆ.*

*2. ಮರುದಿನ*

ಮರುದಿನ, ಜೂನ್ 4ರಂದು, ತಂಡ ಬೆಂಗಳೂರಿಗೆ ಬಂತು. ವಿಧಾನಸೌಧದ ಮುಂದೆ ಸನ್ಮಾನ, ಆಮೇಲೆ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಸಂಭ್ರಮ. ಸುಮಾರು 35 ಸಾವಿರ ಜನ ಹಿಡಿಸುವ ಕ್ರೀಡಾಂಗಣದ ಸುತ್ತ ಲಕ್ಷಗಟ್ಟಲೆ ಜನ ಸೇರಿದರು. ಗೇಟುಗಳ ಬಳಿ ನೂಕುನುಗ್ಗಲಾಯಿತು. 11 ಜನ ಸತ್ತರು. 50ಕ್ಕೂ ಹೆಚ್ಚು ಜನ ಗಾಯಗೊಂಡರು. ಸತ್ತವರಲ್ಲಿ ಹದಿಹರೆಯದವರೂ ಇದ್ದರು. ಆಟ ನೋಡಿ ಹಿಗ್ಗಿದ ಮಕ್ಕಳು, ಆಟಗಾರರನ್ನು ಒಮ್ಮೆ ಕಣ್ಣಾರೆ ನೋಡಲು ಹೋದವರು, ಮನೆಗೆ ಮರಳಲಿಲ್ಲ.

ಈ ಸಾವುಗಳ ಬಗ್ಗೆ ಎರಡು ಮಾತನ್ನು ಸ್ಪಷ್ಟವಾಗಿ ಹೇಳಬೇಕು.

ಮೊದಲನೆಯದು, ಇದನ್ನು 'ಹಣೆಬರಹ' ಎಂದೋ 'ಹಿಂದಿನ ಜನ್ಮದ ಕರ್ಮ' ಎಂದೋ ಅನ್ನಬೇಡಿ. ಬಾಬಾಸಾಹೇಬರು ನಮಗೆ ಕೊಟ್ಟ ಧಮ್ಮದಲ್ಲಿ ಆ ಮಾತಿಗೆ ಜಾಗವಿಲ್ಲ. ದುಃಖಕ್ಕೆ ಕಾರಣ ಇದೆ, ಕಾರಣವನ್ನು ಹುಡುಕಬಹುದು, ತೆಗೆಯಬಹುದು. ಎಷ್ಟು ಜನ ಬರುತ್ತಾರೆ ಎಂಬ ಲೆಕ್ಕ, ಗೇಟು, ಬಂದೋಬಸ್ತು, ಮುನ್ಸೂಚನೆ, ಇವೆಲ್ಲ ಮನುಷ್ಯರ ಕೈಯಲ್ಲಿರುವ ಕೆಲಸಗಳು. ಸರ್ಕಾರ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿ'ಕುನ್ಹಾ ಅವರ ವಿಚಾರಣಾ ಆಯೋಗ ನೇಮಿಸಿದ್ದೂ ಕಾರಣ ಹುಡುಕಲಿಕ್ಕೇ. ಹೊಣೆ ಯಾರದು ಎಂದು ಕೇಳುವುದು ನಾಗರಿಕರ ಹಕ್ಕು. 'ಜನರೇ ಹುಚ್ಚರು' ಎಂದು ಸತ್ತವರ ಮೇಲೆಯೇ ತಪ್ಪು ಹೊರಿಸಿ ಕೈತೊಳೆದುಕೊಳ್ಳುವುದು ಅನ್ಯಾಯ.

ಎರಡನೆಯದು, ವ್ಯವಸ್ಥೆಯನ್ನು ಪ್ರಶ್ನಿಸುತ್ತಲೇ ನಮ್ಮ ಮನಸ್ಸನ್ನೂ ನೋಡಿಕೊಳ್ಳಬೇಕು. ಗುಂಪಿನಲ್ಲಿ ಎಲ್ಲರ ಕಣ್ಣೂ ಮುಂದಿನ ಕಪ್ಪಿನ ಮೇಲೆ ಇರುತ್ತದೆ. ಪಕ್ಕದಲ್ಲಿ ಉಸಿರು ಕಟ್ಟುತ್ತಿರುವ ಹುಡುಗಿ ಕಾಣುವುದಿಲ್ಲ. ಹಿಂದಿನವರು ದೂಡಿದ್ದು ಮುಂದಿನವರ ಎದೆಯ ಮೇಲೆ ಬೀಳುತ್ತದೆ ಎಂಬ ಎಚ್ಚರ ಇರುವುದಿಲ್ಲ. ಈ ಎಚ್ಚರವನ್ನೇ ಬುದ್ಧರು *ಅಪ್ರಮಾದ* ಎಂದು ಕರೆದರು. ಸಂತೋಷದ ಹೊತ್ತಿನಲ್ಲಿ ನಾವು ಮೊದಲು ಕಳೆದುಕೊಳ್ಳುವುದು ಇದನ್ನೇ.

*3. ಹಾರ ಹಾಕಿದರು, ಕಪ್ಪು ಕೊಡಲಿಲ್ಲ*

ಗೆಲುವನ್ನು ನೋಡಿ ಮನುಷ್ಯನನ್ನು ನೋಡದ ಸಂತೋಷ ನಮ್ಮ ಸಮುದಾಯಕ್ಕೆ ಹೊಸದಲ್ಲ. ಪಲ್ವಣಕರ್ ಬಾಳೂ ಅವರ ಕಥೆ ಕೇಳಿ.

ಬಾಳೂ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, ಚಮ್ಮಾರ ಸಮುದಾಯದಲ್ಲಿ. ಪುಣೆಯ ಬಿಳಿಯರ ಕ್ರಿಕೆಟ್ ಕ್ಲಬ್ಬಿನಲ್ಲಿ ಮೈದಾನ ಹದ ಮಾಡುವುದು, ನೆಟ್ ಕಟ್ಟುವುದು ಅವರ ಕೆಲಸ. ಸಾಹೇಬರ ಬ್ಯಾಟಿಂಗ್ ಅಭ್ಯಾಸಕ್ಕಾಗಿ ಗಂಟೆಗಟ್ಟಲೆ ಎಡಗೈ ಸ್ಪಿನ್ ಹಾಕುತ್ತ ದೊಡ್ಡ ಬೌಲರ್ ಆದರು. ಆಗ ಪುಣೆಯ ಹಿಂದೂ ತಂಡಕ್ಕೆ ಅವರು ಬೇಕಾದರು. ಮೈದಾನದಲ್ಲಿ ಎಲ್ಲರೂ ಅದೇ ಚೆಂಡನ್ನು ಮುಟ್ಟುತ್ತಿದ್ದರು. ಚಹಾ ಹೊತ್ತಿಗೆ ಮಾತ್ರ ಉಳಿದವರು ಪೆವಿಲಿಯನ್ ಒಳಗೆ, ಬಾಳೂ ಹೊರಗೆ. ಉಳಿದವರಿಗೆ ಪಿಂಗಾಣಿ ಕಪ್ಪು, ಬಾಳೂಗೆ ಕುಡಿದು ಎಸೆಯುವ ಮಣ್ಣಿನ ಕುಡಿಕೆ. ಹೋಟೆಲುಗಳ ಎರಡು ಲೋಟದ ಪದ್ಧತಿ ನೋಡಿದ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ ತಂಡ ಸಾತಾರಾಕ್ಕೆ ಹೋಗಿ ಬಿಳಿಯರ ಜಿಮಖಾನಾ ವಿರುದ್ಧ ಆಡಿದ ಕಥೆಯನ್ನು ಇತಿಹಾಸಕಾರ ರಾಮಚಂದ್ರ ಗುಹಾ ಬರೆದಿದ್ದಾರೆ. ಬಾಳೂ ಅವರ ಸ್ಪಿನ್ ತಿರುಗಬಾರದೆಂದು ಸಾತಾರಾದವರು ದಿನಗಟ್ಟಲೆ ರೋಲರ್ ಹೊಡೆದು ಪಿಚ್ ಗಟ್ಟಿ ಮಾಡಿದ್ದರು. ಆದರೂ ಬಾಳೂ ಅಲ್ಲಿ ಏಳು ವಿಕೆಟ್ ತೆಗೆದು ಗೆಲ್ಲಿಸಿದರು. ಪರಸ್ಥಳದಲ್ಲಿ, ಎದುರಾಳಿ ತನಗೆ ಬೇಕಾದಂತೆ ಮಾಡಿಕೊಂಡ ಪಿಚ್ಚಿನ ಮೇಲೆ ಬಂದ ಗೆಲುವು ಅದು. ಪುಣೆಯಲ್ಲಿ ಸನ್ಮಾನವಾಯಿತು. ಮಹಾದೇವ ಗೋವಿಂದ ರಾನಡೆ ಅವರೇ ಹಾರ ಹಾಕಿದರು. ಅವನ ಜೊತೆ ಆಡುವವರು ಅವನ ಜೊತೆ ಕೂತು ಚಹಾ ಕುಡಿಯಬೇಡವೇ ಎಂದು ರಾನಡೆಯಂಥವರು ಕೇಳಬೇಕಾಯಿತು. ಹಾರಕ್ಕೆ ಇಲ್ಲದ ಮಡಿ ಚಹಾಕ್ಕೆ ಇತ್ತು.

1911ರಲ್ಲಿ ಬಾಳೂ ಭಾರತ ತಂಡದೊಂದಿಗೆ ಇಂಗ್ಲೆಂಡಿಗೆ ಹೋದರು. ತಂಡ ಸೋತದ್ದೇ ಹೆಚ್ಚು. ಆದರೆ ಬಾಳೂ ಆ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದರು. ಸೋಮರ್ಸೆಟ್ ವಿರುದ್ಧ ತಂಡ ಒಂದೇ ವಿಕೆಟಿನಿಂದ ಗೆದ್ದಾಗ ಶತಕ ಹೊಡೆದು ಕೊನೆಯವರೆಗೆ ನಿಂತವರು ಅವರ ತಮ್ಮ ಶಿವರಾಮ್. ಇಷ್ಟಾದರೂ ಬಾಳೂ ಅವರನ್ನು ಹಿಂದೂ ತಂಡದ ನಾಯಕ ಮಾಡಲಿಲ್ಲ. ಗೆಲ್ಲಿಸಲು ಬೇಕು, ಮುನ್ನಡೆಸಲು ಬೇಡ. 1920ರಲ್ಲಿ ಬಾಳೂ ಅವರನ್ನು ತಂಡದಿಂದಲೇ ಕೈಬಿಟ್ಟಾಗ ತಮ್ಮಂದಿರು ಪ್ರತಿಭಟಿಸಿ ಹೊರಗುಳಿದರು. ಆ ಹೋರಾಟದ ಫಲವಾಗಿ ಕೊನೆಗೆ 1923ರಲ್ಲಿ ಇನ್ನೊಬ್ಬ ತಮ್ಮ ವಿಠ್ಠಲ್ ನಾಯಕರಾದರು, ಬೊಂಬಾಯಿಯಲ್ಲಿ ಯುರೋಪಿಯನ್ನರನ್ನು ಸೋಲಿಸಿದರು. ಮೇಲ್ಜಾತಿಯ ಅಭಿಮಾನಿಗಳು ಅವರನ್ನು ಹೆಗಲ ಮೇಲೆ ಹೊತ್ತು ಕುಣಿದರು.

ನಾಲ್ಕು ವರ್ಷ ಮುಂದೆ ಬನ್ನಿ. 1927ರ ಮಾರ್ಚ್ 20. ಬಾಬಾಸಾಹೇಬರ ನೇತೃತ್ವದಲ್ಲಿ ನಮ್ಮ ಜನ ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದರು. ಅದಕ್ಕೆ ಸಿಕ್ಕಿದ್ದು ದೊಣ್ಣೆ ಏಟು. ಕೆರೆಯನ್ನು 'ಶುದ್ಧಿ' ಮಾಡಿದರು. ಬೊಂಬಾಯಿಯಲ್ಲಿ ಕುಣಿದವರೇ ಮಹಾಡದಲ್ಲಿ ಹೊಡೆದರು ಎಂದು ಇದರ ಅರ್ಥವಲ್ಲ. ಆದರೆ ಸಮಾಜ ಒಂದೇ. ಕಪ್ ಗೆದ್ದವನನ್ನು ಹೆಗಲ ಮೇಲೆ ಹೊತ್ತ ಸಮಾಜ, ಬಾಯಾರಿದವನಿಗೆ ಬೊಗಸೆ ನೀರು ಕೊಡಲಿಲ್ಲ. ಏಕೆಂದರೆ ಆ ಸಂತೋಷ ಗೆಲುವಿನದು, ಮನುಷ್ಯನದಲ್ಲ. ಆಟದ ಬಿಸಿ ಆರಿದೊಡನೆ ಅದೂ ಆರಿತು.

ಇಲ್ಲಿ ಕೆಲವರು ಕೇಳಬಹುದು: 1937ರ ಚುನಾವಣೆಯಲ್ಲಿ ಬಾಳೂ ಕಾಂಗ್ರೆಸ್ಸಿನಿಂದ ಬಾಬಾಸಾಹೇಬರ ವಿರುದ್ಧ ನಿಂತವರಲ್ಲವೇ? ಹೌದು, ನಿಂತರು, ಸೋತರು. ಅವರ ರಾಜಕೀಯವನ್ನು ನಾವು ಒಪ್ಪಬೇಕಿಲ್ಲ. ಆದರೆ ಬಾಳೂ ಇಂಗ್ಲೆಂಡಿನಲ್ಲಿ ಮೆರೆದಾಗ ಶೋಷಿತ ಸಮುದಾಯ ಅವರನ್ನು ತನ್ನವನೆಂದು ಹೆಮ್ಮೆಪಟ್ಟಿತ್ತು, ಆಗ ತರುಣರಾಗಿದ್ದ ಬಾಬಾಸಾಹೇಬರಿಗೂ ಅವರ ಬಗ್ಗೆ ಅಭಿಮಾನವಿತ್ತು. ಮುಂದೆ ದಾರಿ ಬೇರೆಯಾಯಿತೆಂದು ಹಿಂದಿನ ಸಾಧನೆಯನ್ನು ಅಳಿಸುವುದು ಸರಿಯಲ್ಲ. ನಮ್ಮ ಪಕ್ಷದವರ ಗುಣವನ್ನು ಮೆಚ್ಚುವುದು ಸುಲಭ, ಎದುರು ನಿಂತವರ ಗುಣವನ್ನು ಮೆಚ್ಚುವುದೇ ಮುದಿತೆಗೆ ಪರೀಕ್ಷೆ.

*4. ಸೋತವರ ಕಡೆ*

ಮತ್ತೆ ಅಹಮದಾಬಾದಿಗೆ ಬರೋಣ. ಪಂಜಾಬ್ ತಂಡವೂ 2008ರಿಂದಲೇ ಆಡುತ್ತಿದೆ. ಅದೂ ಅಲ್ಲಿಯವರೆಗೆ ಒಂದು ಸಲವೂ ಕಪ್ ಗೆದ್ದಿರಲಿಲ್ಲ. ನಮ್ಮವರ ಹದಿನೆಂಟು ವರ್ಷದ ಕಾಯುವಿಕೆ ಆರು ರನ್ನಿನಿಂದ ಮುಗಿಯಿತು, ಅದೇ ಆರು ರನ್ನಿನಿಂದ ಅವರ ಕಾಯುವಿಕೆ ಮುಂದುವರಿಯಿತು. ಕಾದು ಸೋಲುವ ನೋವು ಏನೆಂದು ಬೆಂಗಳೂರಿನ ಅಭಿಮಾನಿಗಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಹಾಗಿದ್ದೂ ಆ ರಾತ್ರಿ ಮೊಬೈಲಿನಲ್ಲಿ ಹರಿದಾಡಿದ್ದರಲ್ಲಿ ಸೋತವರನ್ನು ಅಣಕಿಸುವ ಚಿತ್ರಗಳು ಎಷ್ಟಿದ್ದವು, ನೆನಪು ಮಾಡಿಕೊಳ್ಳಿ.

ನಮ್ಮದೇ ಜಿಲ್ಲೆಯಲ್ಲಿ, ಭೀಮಾ ತೀರದ ಸನ್ನತಿಯಲ್ಲಿ, ಸಾಮ್ರಾಟ ಅಶೋಕನ ಶಾಸನದ ಕಲ್ಲು ಸಿಕ್ಕಿದೆ. ಅದರಲ್ಲಿ ಹನ್ನೆರಡನೆಯ ಶಿಲಾಶಾಸನವೂ ಇದೆ. ತನ್ನ ಪಂಥವನ್ನು ಮೇಲೆತ್ತುವ ಭರದಲ್ಲಿ ಇತರರ ಪಂಥವನ್ನು ಹಳಿಯುವವನು ತನ್ನ ಪಂಥಕ್ಕೇ ಕೇಡು ಮಾಡುತ್ತಾನೆ ಎಂಬುದು ಅದರ ಸಾರ. ಕಳಿಂಗವನ್ನು ಗೆದ್ದ ಮೇಲೆ ಸೋತವರ ದುಃಖ ಕಂಡು ಬದಲಾದ ದೊರೆಯ ಮಾತಿದು. ಪಂಥಕ್ಕೆ ಹೇಳಿದ್ದು ತಂಡಕ್ಕೂ ಸಲ್ಲುತ್ತದೆ.

*5. ನಮ್ಮ ಓಣಿಯಲ್ಲಿ*

ನಮ್ಮ ಹುಡುಗರು ಬೇರೆ ಊರಿಗೆ ಹೋಗಿ ಕಬಡ್ಡಿಯೋ ವಾಲಿಬಾಲೋ ಗೆದ್ದು, ಟಂಟಂನಲ್ಲಿ ಗುಲಾಲು ಹಾರಿಸುತ್ತ ಬರುತ್ತಾರೆ ಎನ್ನಿ. ಆಗ ಏನು ಮಾಡಬೇಕು?

ತಲೆ ತಗ್ಗಿಸಿ ಸುಮ್ಮನೆ ಮನೆಗೆ ಹೋಗಿ ಎಂದು ಧಮ್ಮ ಹೇಳುವುದಿಲ್ಲ. ಶತಮಾನಗಳ ಕಾಲ ನಮ್ಮ ಸಂತೋಷವನ್ನೂ ಅದುಮಿಡಲಾಗಿತ್ತು. ಎಲ್ಲರೂ ಓಡಾಡುವ ರಸ್ತೆಯಲ್ಲಿ ನಾವೂ ಹೆಮ್ಮೆಯಿಂದ ಬರುವುದು ನಮ್ಮ ಹಕ್ಕು. ಹೆದರಿ ಮೌನವಾಗಿರುವುದು ಮುದಿತಾ ಅಲ್ಲ. ಆದರೆ ಇನ್ನೊಬ್ಬರನ್ನು ಕೆಣಕಲು ಕೂಗುವುದೂ ಮುದಿತಾ ಅಲ್ಲ. ಹಾಗಾಗಿ ಇಷ್ಟನ್ನು ಪಾಲಿಸೋಣ:

✅ ಎದುರಾಳಿಯ ಕೈ ಕುಲುಕಿ, ಅವರ ಒಳ್ಳೆಯ ಆಟಗಾರನ ಹೆಸರು ಹೇಳಿ ಮೆಚ್ಚಿ, ಆಮೇಲೆ ಊರಿಗೆ ಹೊರಡುವುದು.

✅ ಗೆಲುವಿನ ನೆಪದಲ್ಲಿ ಮದ್ಯ ಮುಟ್ಟದಿರುವುದು. ಇದು ಪಂಚಶೀಲದಲ್ಲೂ ಇದೆ, ಬಾಬಾಸಾಹೇಬರ 22 ಪ್ರತಿಜ್ಞೆಗಳಲ್ಲೂ ಇದೆ.

✅ ಮೆರವಣಿಗೆಯಲ್ಲಿ ಮಕ್ಕಳು, ಹಿರಿಯರು, ಹೆಣ್ಣುಮಕ್ಕಳು ಎಲ್ಲಿದ್ದಾರೆ ಎಂದು ಇಬ್ಬರು ಹಿರಿಯ ಹುಡುಗರು ನೋಡಿಕೊಳ್ಳುವುದು. ವಾಹನದ ಮೇಲೆ ಹತ್ತಿ ಕುಣಿಯಲು ಬಿಡದಿರುವುದು.

✅ ಪಾಯಿಂಟ್ ಬಿಟ್ಟ ಹುಡುಗನನ್ನು ಗೆದ್ದ ದಿನವೂ ಸೋತ ದಿನವೂ ಹೀಯಾಳಿಸದಿರುವುದು.

✅ ಗೆದ್ದ ಹುಡುಗನಿಗೆ ಹಾರ ಹಾಕಿ ಮರೆಯದಿರುವುದು. ಅವನ ಓದು ನಿಂತಿದೆಯೇ, ಬೂಟಿಗೆ ದುಡ್ಡಿದೆಯೇ, ಪೆಟ್ಟಾದ ಮೊಣಕಾಲಿಗೆ ಔಷಧ ಆಗಿದೆಯೇ ಎಂದು ಕೇಳುವುದು. ಬಾಳೂಗೆ ಬೇಕಾಗಿದ್ದದ್ದು ಇನ್ನೊಂದು ಹಾರವಲ್ಲ, ಒಳಗೆ ಕೂರಿಸಿ ಕೊಡುವ ಒಂದು ಕಪ್ಪು ಚಹಾ.

*ಇಂದಿನ ಅಭ್ಯಾಸ:* ಸಂಜೆ ಐದು ನಿಮಿಷ ಶಾಂತವಾಗಿ ಕೂತು ಮೂವರನ್ನು ನೆನೆಯಿರಿ. ಇತ್ತೀಚೆಗೆ ಗೆದ್ದ ನಿಮ್ಮವರೊಬ್ಬರು, ಗೆದ್ದ ಪರಿಚಯದವರೊಬ್ಬರು, ನಿಮ್ಮೆದುರು ಗೆದ್ದವರೊಬ್ಬರು. ಮೂವರ ಏಳಿಗೆಗೂ ಮನಸ್ಸು ಹಿಗ್ಗುತ್ತದೆಯೇ? ಎಲ್ಲಿ ಹಿಡಿಯುತ್ತದೆ, ಅಲ್ಲಿಂದ ನಿಮ್ಮ ಅಭ್ಯಾಸ ಶುರು.

*ಚರ್ಚೆಗೆ:*
1. ನಾವು ಯಾರ ಗೆಲುವಿಗೆ ಚಪ್ಪಾಳೆ ಹೊಡೆದು, ಆಮೇಲೆ ಅವರ ಕಷ್ಟವನ್ನು ಕೇಳದೆ ಬಿಟ್ಟಿದ್ದೇವೆ?
2. ನಮ್ಮ ಜಯಂತಿ ಮೆರವಣಿಗೆಗಳಲ್ಲಿ ಜನರ ಸುರಕ್ಷತೆಯ ಹೊಣೆ ಯಾರಿಗೆ ವಹಿಸಿದ್ದೇವೆ?

ಜೂನ್ 4ರಂದು ಮನೆಗೆ ಮರಳದ ಆ 11 ಜನರ ಕುಟುಂಬಗಳಿಗೆ ನಮ್ಮ ಕರುಣೆ ಇರಲಿ. ಮುಂದಿನ ಗೆಲುವಿನ ದಿನ ಎಲ್ಲರೂ ಕ್ಷೇಮವಾಗಿ ಮನೆ ಸೇರಲಿ.

ಭವತು ಸಬ್ಬ ಮಂಗಲಂ.
ನಮೋ ಬುದ್ಧಾಯ, ಜೈ ಭೀಮ್ 💙