ಆಮ್ಲವು ಕ್ಷಾರವಾದೀತೆ?

ವೈದ್ಯಕೀಯ ಶಿಕ್ಷಣದ ಪ್ರವೇಶಕ್ಕಾಗಿ ನಡೆಯುವ ‘ನೀಟ್’ ಪರೀಕ್ಷೆಗೆ ಸಿದ್ಧನಾಗುತ್ತಿದ್ದ ವಿದ್ಯಾರ್ಥಿಯೊಬ್ಬನು ಒಂದು ಸಂಜೆ ನನ್ನಲ್ಲಿಗೆ ಬಂದನು. ನಾನು ಭೌತಶಾಸ್ತ್ರದ ಅಧ್ಯಾಪಕ. ಆತನಿಗೆ ಭಯವಿದ್ದುದು ರಸಾಯನಶಾಸ್ತ್ರದಲ್ಲಿ. ಸೂತ್ರಗಳಿಂದ ತುಂಬಿದ ಪುಸ್ತಕವೊಂದನ್ನು ಮುಂದಿಟ್ಟು, “ಎಲ್ಲವೂ ಬಾಯಿಪಾಠವಾಗಿದೆ ಸಾರ್, ಆದರೂ ಅಂಕ ಬರುತ್ತಿಲ್ಲ” ಎಂದನು.

ನಾನು ಕೇಳಿದ್ದು ಒಂದೇ ಪ್ರಶ್ನೆ: 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 10⁻⁸ ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ ಎಷ್ಟು? ಆತನು ತಡೆಯಿಲ್ಲದೆ “ಎಂಟು” ಎಂದನು. ಸೂತ್ರವನ್ನು ಕಣ್ಣುಮುಚ್ಚಿ ಬಳಸಿದರೆ ಅಷ್ಟೇ ಬರುವುದು. ಆದರೆ ಈ ಉಷ್ಣತೆಯಲ್ಲಿ 7ನ್ನು ಮೀರಿದ ಪಿಎಚ್ ಕ್ಷಾರದ ಲಕ್ಷಣವಲ್ಲವೆ? ನೀರಿಗೆ ಆಮ್ಲ ಬೆರೆಸಿದರೆ ಅದು ಕ್ಷಾರವಾಗುವುದುಂಟೆ?

ದೋಷವೆಲ್ಲಿದೆಯೆಂದರೆ, ನಾವು ನೀರನ್ನೇ ಮರೆತಿದ್ದೇವೆ. ಶುದ್ಧ ನೀರಿನಲ್ಲಿಯೂ ಲೀಟರಿಗೆ 10⁻⁷ ಮೋಲ್ ಜಲಜನಕದ ಅಯಾನುಗಳಿವೆ. ಆಮ್ಲವು ಕೊಡುವುದು ಅದರ ಹತ್ತನೆಯ ಒಂದು ಪಾಲು ಮಾತ್ರ. ಹಾಗೆಂದು ಇವೆರಡನ್ನೂ ಸುಮ್ಮನೆ ಕೂಡಿಸುವಂತಿಲ್ಲ. ಆಮ್ಲ ಸೇರಿದೊಡನೆ ನೀರಿನ ಅಯಾನೀಕರಣವು ತುಸು ಕುಗ್ಗುತ್ತದೆ. ಜಲಜನಕದ ಅಯಾನುಗಳ ಒಟ್ಟು ಸಾರತೆಯನ್ನು ‘ಜ’ ಎನ್ನೋಣ. ಆಗ ಹೈಡ್ರಾಕ್ಸಿಲ್ ಅಯಾನುಗಳ ಸಾರತೆ (ಜ − 10⁻⁸) ಆಗುವುದು. ಇವೆರಡರ ಗುಣಲಬ್ಧ 10⁻¹⁴. ಈ ವರ್ಗಸಮೀಕರಣವನ್ನು ಬಿಡಿಸಿದರೆ ಜ = 1.05 × 10⁻⁷, ಪಿಎಚ್ 6.98. ಆಮ್ಲವು ಆಮ್ಲವಾಗಿಯೇ ಉಳಿಯಿತು!

2025ರ ನೀಟ್ ಪರೀಕ್ಷೆಯಲ್ಲಿ ರಸಾಯನಶಾಸ್ತ್ರಕ್ಕೆ 45 ಪ್ರಶ್ನೆಗಳು, 180 ಅಂಕಗಳು. ಸರಿಯುತ್ತರಕ್ಕೆ 4 ಅಂಕ; ತಪ್ಪಿದರೆ 1 ಅಂಕ ಕಡಿತ. ಆದುದರಿಂದ ಆ “ಎಂಟು” ಎಂಬ ಅವಸರದ ಉತ್ತರದ ಬೆಲೆ ಒಟ್ಟು 5 ಅಂಕ.

ಬಾಯಿಪಾಠವೇ ಬೇಡವೆಂದು ನಾನು ಹೇಳಲಾರೆ. ಲವಣಗಳ ಬಣ್ಣ, ಕಾರಕಗಳ ಹೆಸರು ಮುಂತಾದುವು ನೆನಪಿನಲ್ಲಿರಲೇಬೇಕು. ಆದರೆ ಪ್ರತಿಯೊಂದು ಸೂತ್ರಕ್ಕೂ ಒಂದು ಎಲ್ಲೆಯುಂಟು. ಸೂತ್ರದೊಡನೆ ಆ ಎಲ್ಲೆಯನ್ನೂ ಕಲಿಯಬೇಕು. ಲೆಕ್ಕಕ್ಕೆ ಮೊದಲು ಉತ್ತರವು ಎಷ್ಟರ ಆಸುಪಾಸಿನಲ್ಲಿ ಇರಬೇಕೆಂದು ಊಹಿಸಬೇಕು. ಲೆಕ್ಕ ಮುಗಿದ ಮೇಲೆ ಅದು ಪ್ರಕೃತಿಗೆ ಒಪ್ಪುವುದೇ ಎಂದು ಕೇಳಿಕೊಳ್ಳಬೇಕು.

ಮರುವಾರ ಬಂದಾಗ ಆತನ ಪುಸ್ತಕದಲ್ಲಿ ಪ್ರತಿ ಸೂತ್ರದ ಪಕ್ಕದಲ್ಲಿಯೂ ಹೊಸದೊಂದು ಸಾಲಿತ್ತು: “ಇದು ಎಲ್ಲಿ ಸಲ್ಲದು?”

ಇನ್ನು ವಾಚಕರ ಸರದಿ. 10⁻⁸ ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದ ಪಿಎಚ್ ಎಷ್ಟು? ಲೇಖನಿ ಹಿಡಿಯುವ ಮುನ್ನ, ಅದು 7ರ ಯಾವ ಕಡೆಗಿದೆಯೆಂದು ಹೇಳಿಕೊಳ್ಳಿರಿ.